ಕೆಳಗಿನ ಮನೆಯ ಗೀಸರ್, ಮೇಲಿನ ಮನೆಯ ಜುಂ

ಮೊನ್ನೆ ಭಾನುವಾರ ಗಂಜಿ ಹಾಕಿದ ಕಾಟನ್ ಸೀರೆಯೊಂದನ್ನು ಇಸ್ತ್ರಿ ಮಾಡುತ್ತಿದ್ದೆ. ಪೂರ್ತಿ ಒಣಗಿರದ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ಹಾಯುತ್ತಲೇ ಹಬೆಯ ಜೊತೆ ಒಂದು ವಾಸನೆ ಎದ್ದಿತು. ಸ್ವಲ್ಪ ಅನ್ನ ಬಸಿದ ಹಾಗೆ, ಸ್ವಲ್ಪ ಸೀದ ಹಾಗೆ... ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನಾನು ಅಲ್ಲೇ ನಿಂತುಬಿಟ್ಟೆ. ಯಲಹಂಕದ ಈ ಫ್ಲ್ಯಾಟು ಮರೆತೇಹೋಯಿತು. ಶೆಟ್ಟಿಹಳ್ಳಿಯ ಬಾಡಿಗೆ ಮನೆಯ ಮಲಗುವ ಕೋಣೆ ಕಣ್ಣ ಮುಂದೆ ಬಂತು. ಹಾಡಹಗಲೇ ಕಿಟಕಿಯ ಪರದೆ ಎಳೆದು, ಒಂದೇ ರಗ್ಗಿನೊಳಗೆ ತಲೆ ತೂರಿಸಿಕೊಂಡು ಇಬ್ಬರು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತಿದ್ದೇವೆ. ಒಬ್ಬಳು ನಾನು. ಇನ್ನೊಬ್ಬರು ನಮ್ಮ ಓನರ್ ಆಂಟಿ. ನಡುವೆ ಒಂದು ಇಸ್ತ್ರಿ ಪೆಟ್ಟಿಗೆ. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದೇವೆ!

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು.

ಆಂಟಿಯದು ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ರಾಗಿ ಹೊಲ ಲೇಔಟಾದ ಮೇಲೆ ಉಳಿದ ಸೈಟಿನಲ್ಲಿ ಒಂದು ಮನೆ ಕಟ್ಟಿಕೊಂಡಿದ್ದರು. ಅಂಕಲ್ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದಾಗ ಅದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ಕಾರು ನಿಲ್ಲಿಸುವ ಜಾಗಕ್ಕೆ ಹೊಸ ಟೈಲ್ಸ್ ಹಾಕಿಸಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಆ ಮೇಲಿನ ಮನೆಗೆ ಬಾಡಿಗೆಗೆ ಬಂದೆವು. ಅವರು ಪೀಣ್ಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಹತ್ತಿರದ ಒಂದು ಶಾಲೆಯ ಆಫೀಸಿನಲ್ಲಿದ್ದೆ.

ಆಂಟಿ ಗುಂಡುಗುಂಡಾಗಿದ್ದರು, ಚುರುಕಾಗಿದ್ದರು. ಮನೆಯೊಳಗಾಗಲಿ ಹೊರಗಾಗಲಿ ಕಾಲಿಗೆ ಚಪ್ಪಲಿ ಹಾಕಿದವರಲ್ಲ. ಗೇಟಿನಾಚೆ ಅವರೆಕಾಯಿ ಗಾಡಿ ಬಂದರೆ ಬರಿಗಾಲಲ್ಲೇ ಓಡುತ್ತಿದ್ದರು. ಅವರ ಮಾತು ಅಪ್ಪಟ ಶೆಟ್ಟಿಹಳ್ಳಿ ಮಾತು. ದನಿ ಎಷ್ಟು ದೊಡ್ಡದೆಂದರೆ, ಕೆಳಗೆ ಅವರು ಫೋನಿನಲ್ಲಿ ಮಾತಾಡಿದರೆ ಮೇಲೆ ನಮ್ಮ ಅಡುಗೆಮನೆಯಲ್ಲಿ ಉತ್ತರ ಕೊಡಬಹುದಿತ್ತು.

ಆ ಚಳಿಗಾಲದಲ್ಲಿ ನನಗೆ ಮೊದಲ ಸಲ ಜುಂ ಎಂದದ್ದು. ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಕಾಲಲ್ಲೇ ಬಂದು ಸೀರೆ ಇಸ್ತ್ರಿ ಮಾಡಲು ಹೊರಟಿದ್ದೆ. ಪ್ಲಗ್ಗು ಸಿಕ್ಕಿಸಿದ್ದೆ, ಸ್ವಿಚ್ ಇನ್ನೂ ಹಾಕಿರಲಿಲ್ಲ. ಪೆಟ್ಟಿಗೆಯನ್ನು ಸರಿಸುವಾಗ ಬೆರಳಿನ ಹಿಂಭಾಗ ಅದರ ಲೋಹಕ್ಕೆ ತಾಗಿತು. ಜುಂ! ಶಾಕ್ ಹೊಡೆದ ಹಾಗಲ್ಲ. ಹೊಡೆದಿದ್ದರೆ ಗೊತ್ತಾಗುತ್ತಿತ್ತು. ಇದು ಇರುವೆಗಳ ಸಾಲೊಂದು ಚರ್ಮದ ಒಳಗೇ ಮೊಣಕೈವರೆಗೆ ಓಡಿ ಹೋದ ಹಾಗೆ. ಕೈ ಎಳೆದುಕೊಂಡು ನೋಡಿದೆ. ಸ್ವಿಚ್ ಆಫ್ ಇತ್ತು. ಮತ್ತೆ ಮುಟ್ಟಿದೆ. ಮತ್ತೆ ಜುಂ.

ಗಂಡನನ್ನು ಕರೆದೆ. ಅವರು ಬಂದು ಪೆಟ್ಟಿಗೆಯನ್ನು ಅಂಗೈಯಿಂದ ಸವರಿದರು. ಏನೂ ಆಗಲಿಲ್ಲ.

"ಸ್ವಿಚ್ಚೇ ಹಾಕಿಲ್ಲ, ಕರೆಂಟ್ ಎಲ್ಲಿಂದ ಬರುತ್ತೆ? ನಿಂಗೆ ನಿದ್ದೆ ಸಾಕಾಗ್ತಿಲ್ಲ ಅಷ್ಟೇ," ಎಂದು ನಕ್ಕರು.

ಅವರು ಹವಾಯಿ ಚಪ್ಪಲಿ ಹಾಕಿಕೊಂಡಿದ್ದರು. ಅದು ಮುಖ್ಯ ಅನ್ನುವುದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಆಮೇಲೆ ಅದು ಬೆಳಗಿನ ಪಾಡೇ ಆಯಿತು. ಕೆಲವು ದಿನ ಪೆಟ್ಟಿಗೆ, ಕೆಲವು ದಿನ ಬಾತ್‌ರೂಮಿನ ನಲ್ಲಿ. ದಾಸರಹಳ್ಳಿಯಿಂದ ಬರುತ್ತಿದ್ದ ಎಲೆಕ್ಟ್ರಿಶಿಯನ್ ಒಂದು ಸಂಜೆ ಬಂದು ನಮ್ಮ ಗೀಸರ್ ಬಿಚ್ಚಿ ನೋಡಿದ, ಪೆಟ್ಟಿಗೆ ನೋಡಿದ. "ಎಲ್ಲಾ ಓಕೆ ಇದೆ ಮೇಡಂ" ಎಂದು ಹೋದ. ನನಗೇ ಅನುಮಾನ ಹುಟ್ಟಿತು. ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇನಾ...

ಒಂದು ದಿನ ಸಂಜೆ ಆಂಟಿ ಕಾರು ನಿಲ್ಲಿಸುವ ಜಾಗದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡೆ. ಮಾತಿನ ಮಧ್ಯೆ, ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಬಾಯಿಬಿಟ್ಟೆ.

"ಆಂಟಿ, ನಮ್ಮ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ರೆ ಒಂಥರಾ ಜುಂ ಅನ್ನುತ್ತೆ. ಬಾತ್‌ರೂಮ್ ನಲ್ಲೀನೂ ಅಷ್ಟೇ. ಯಾರಿಗೂ ಆಗಲ್ಲ, ನನಗೊಬ್ಬಳಿಗೇ."

ಆಂಟಿ ತಟ್ಟನೆ ಎದ್ದು ನಿಂತರು. ಮೊರ ಮಗುಚಿ ಕಾಳೆಲ್ಲ ಟೈಲ್ಸಿನ ಮೇಲೆ ಉರುಳಾಡಿದವು. ಅದರ ಕಡೆ ಅವರು ನೋಡಲೇ ಇಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಂಗೂ ಆಯ್ತದಾ? ನಿಜವಾಗ್ಲೂ ಆಯ್ತದಾ ಮಗಾ? ಇಂಗೆ, ಮೊಣಕೈ ತಂಕ?"

"ಹೂಂ ಆಂಟಿ, ಮೊಣಕೈ ತನಕ!"

"ಅಯ್ಯೋ ನನ್ ಕಂದ!" ಎಂದವರೇ ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ಕರೆಂಟಿನ ವಿಷಯಕ್ಕೆ ಯಾರಾದರೂ ಅಷ್ಟು ಖುಷಿಪಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ವಿಷಯ ಏನೆಂದರೆ, ಮೇಲಿನ ಮನೆ ಕಟ್ಟಿಸಿದಾಗಿನಿಂದಲೂ ಆಂಟಿಗೆ ಬಚ್ಚಲಲ್ಲಿ ನಲ್ಲಿ ಮುಟ್ಟಿದರೆ ಜುಂ ಎನ್ನುತ್ತಿತ್ತು. ಮೊದಲು ಅಂಕಲ್‌ಗೆ ಹೇಳಿದ್ದರು. ಅಂಕಲ್ ಬಚ್ಚಲಿಗೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹೋಗುವವರು. ಅವರಿಗೆ ಯಾವತ್ತೂ ಏನೂ ಆಗಿರಲಿಲ್ಲ. "ನಿನ್ ಕೈಯಲ್ಲೇ ಏನೋ ಇರಬೇಕು" ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿ, ನರದ ತೊಂದರೆ ಇರಬಹುದು ಎಂದು ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು. ಆಂಟಿ ಎಲ್ಲ ನುಂಗಿದರು. ಜುಂ ಹೋಗಲಿಲ್ಲ. ಅವರ ತಂಗಿ ಬಂದು ವಾಸ್ತು ಸರಿಯಿಲ್ಲ ಎಂದರು. ಕೊನೆಗೆ ಆಂಟಿ ಹೇಳುವುದನ್ನೇ ಬಿಟ್ಟಿದ್ದರು. ನಲ್ಲಿಗೆ ಒಂದು ಒಣ ಬಟ್ಟೆ ಸುತ್ತಿ ತಿರುಗಿಸುತ್ತಿದ್ದರಂತೆ.

"ನಂಗೇನೋ ಸರಿ ಮಗಾ," ಎಂದು ದನಿ ತಗ್ಗಿಸಿದರು. "ಮಗಳು ಎರಿಗೆಗೆ ಆಸ್ಪತ್ರೆ ಸೇರೋ ದಿನ ಅತ್ರ ಬಂದೈತೆ. ಅಲ್ಲಿಂದ ಸೀದಾ ಇಲ್ಲಿಗೇ ಬರೋದು. ಅಸುಗೂಸಿಗೆ ನೀರಾಕೋದು ಅದೇ ಬಚ್ಚಲಲ್ಲಿ. ನಂಗಾದ್ರೆ ಜುಂ ಅಂತದೆ... ಆ ಕೂಸಿಗೆ ಏನಾಯ್ತದೆ, ಯೋಳು?"

ಅಲ್ಲಿಯವರೆಗೆ ನಾನು ಅದನ್ನು ಒಂದು ವಿಚಿತ್ರ ಎಂದಷ್ಟೇ ಅಂದುಕೊಂಡಿದ್ದೆ.

ಆವತ್ತಿನಿಂದ ನಾವಿಬ್ಬರೂ ಒಂದಾದೆವು. ನನಗೆ ಬೆಳಿಗ್ಗೆ ಎದ್ದರೆ ಹಬ್ಬ ಬಂದ ಹಾಗೆ! ನಮ್ಮ ಎರಡೂ ಬಾತ್‌ರೂಮಿನ ಕಿಟಕಿಗಳು ಒಂದೇ ಡಕ್ಟಿಗೆ, ಪೈಪುಗಳು ಇಳಿಯುವ ಕಿರಿದಾದ ಸಂದಿಗೆ, ತೆರೆದುಕೊಳ್ಳುತ್ತಿದ್ದವು. ಅದರಲ್ಲಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಗಿ ಮಾತಾಡುತ್ತಿದ್ದೆವು. "ಇವತ್ತು ಐತಾ?" "ಇದೆ ಆಂಟಿ!" "ನಂಗೂ ಐತೆ!" ಸಂಜೆ ಎಷ್ಟು ಮುಟ್ಟಿದರೂ ಇರುತ್ತಿರಲಿಲ್ಲ. ಮಧ್ಯಾಹ್ನವೂ ಇಲ್ಲ. ಬೆಳಿಗ್ಗೆ ಮಾತ್ರ. ಅದೂ ಒಮ್ಮೆ ಇದ್ದು, ಸ್ವಲ್ಪ ಹೊತ್ತಿಗೆ ತಾನೇ ಹೋಗಿಬಿಡುತ್ತಿತ್ತು.

ಹಾಗೆ ಕೈಯಿಂದ ಮುಟ್ಟಿ ಮುಟ್ಟಿ ನೋಡಿದ್ದು ಎಂಥ ಹುಚ್ಚುತನ ಅನ್ನುವುದು ಈಗ ಗೊತ್ತು. ಇವತ್ತು ಯಾರಾದರೂ ನನ್ನೆದುರು ಹಾಗೆ ಮಾಡಿದರೆ ಗದರಿಬಿಡುತ್ತೇನೆ. ಮೊದಲು ಮೇನ್ ಸ್ವಿಚ್ ಇಳಿಸಬೇಕು, ಆಮೇಲೆ ಗೊತ್ತಿದ್ದವರನ್ನು ಕರೆಸಬೇಕು. ಇವತ್ತು ಜುಂ ಎಂದದ್ದು ನಾಳೆಯೂ ಜುಂ ಎಂದಷ್ಟೇ ಬಿಡುತ್ತದೆ ಅನ್ನುವ ಭರವಸೆ ಇಲ್ಲ. ಆದರೆ ಆಗ ಕರೆಸಿದವನೇ ಎಲ್ಲ ಸರಿಯಿದೆ ಎಂದು ಹೋಗಿದ್ದನಲ್ಲ...

ಗುಟ್ಟು ಬಯಲಾದದ್ದು ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಾಗ. ಪೆಟ್ಟಿಗೆ ಮುಟ್ಟಿದೆ, ಏನೂ ಇರಲಿಲ್ಲ. ಸೀರೆ ಮಡಿಸಿ ಮತ್ತೆ ಮುಟ್ಟಿದೆ, ಜುಂ! ಓಡಿ ಹೋಗಿ ಡಕ್ಟಿನಲ್ಲಿ ಕೂಗಿದೆ.

"ಆಂಟೀ! ಈಗ ಬಂತು! ಈಗ ತಾನೇ ಬಂತು!"

"ನಾನೀಗ ತಾನೇ ಗೀಸರ್ ಆಕ್ದೆ ಮಗಾ, ಅಂಕಲ್ ಸ್ನಾನಕ್ಕೆ!"

ನಾನೇ ಹೇಳಿದೆ, "ಆಂಟಿ, ಒಂದ್ಸಲ ಆಫ್ ಮಾಡಿ."

ಆಫ್ ಮಾಡಿದರು. ಹೋಗಿ ಮುಟ್ಟಿದೆ. ಇಲ್ಲ. "ಹಾಕಿ!" ಎಂದೆ. ಹಾಕಿದರು. ಜುಂ! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಕೆಳಗೆ ಆಂಟಿ ಚಪ್ಪಾಳೆ ತಟ್ಟುತ್ತಿದ್ದದ್ದು ಡಕ್ಟಿನಲ್ಲಿ ಪಟಪಟ ಕೇಳಿಸಿತು. ಅವರ ಗೀಸರ್ ಹಾಕಿದರೆ ನನ್ನ ಪೆಟ್ಟಿಗೆಗೆ ಕರೆಂಟು! ಅದು ಹೇಗೆ ಎಂದು ನಮಗೆ ಗೊತ್ತಿರಲಿಲ್ಲ. ಆದರೆ ಇದು ನಮ್ಮ ಕೈಯಲ್ಲೂ ಇಲ್ಲ, ನರದಲ್ಲೂ ಇಲ್ಲ, ಮನೆಯಲ್ಲಿದೆ ಅನ್ನುವುದು ಗೊತ್ತಾಯಿತು.

ಅಂಕಲ್‌ಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತಿ ನಕ್ಕರು.

"ಒಳ್ಳೆ ಜೋಡಿ ಸಿಕ್ಕಿದೀರ. ನಿಮ್ಮನೆ ಮೀಟರ್ ಬೇರೆ, ನಮ್ಮನೆ ಮೀಟರ್ ಬೇರೆ. ಇಲ್ಲಿ ಸ್ವಿಚ್ ಹಾಕಿದ್ರೆ ಅಲ್ಲಿ ಹೆಂಗಮ್ಮ ಬರುತ್ತೆ? ಇವಳು ಕೂಗ್ತಾಳೆ, ನೀನು ಬಂತು ಅಂತೀಯ. ಮನಸ್ಸಲ್ಲಿ ಅಂದ್ಕೊಂಡ್ರೆ ಕೈಯಲ್ಲಿ ಆಗುತ್ತೆ."

ಅವರು ಕೆಟ್ಟ ಮನುಷ್ಯರಲ್ಲ. ಅವರ ಮಾತಿನಲ್ಲಿ ತರ್ಕವೂ ಇತ್ತು. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡೆ. ಆದರೆ ಆಂಟಿ ಸುಮ್ಮನಾಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ಗಂಡನ ಮುಂದೆ ನಿಂತರು.

"ಅಂಗಾದ್ರೆ ನಾನು ಕೂಗಕ್ಕಿಲ್ಲ. ನೀವೇ ಕೆಳ್ಗೆ ನಿಂತ್ಕಂಡು ಸ್ವಿಚ್ ಆಕಿ, ತೆಗೀರಿ. ಯಾವಾಗ ಆಕ್ದೆ, ಯಾವಾಗ ತೆಗ್ದೆ ಅಂತ ನಮ್ಗೆ ಯೋಳ್ಬೇಡಿ. ನಾವು ಮ್ಯಾಲಿಂದ ಯೋಳ್ತೀವಿ. ಒಂದೇ ಒಂದ್ಸಲ ತಪ್ಪಾದ್ರೂ ಇನ್ ಈ ಜನ್ಮದಲ್ಲಿ ಜುಂ ಅಂತ ಬಾಯಿ ಬಿಡಕ್ಕಿಲ್ಲ."

ಅಂಕಲ್ ಪೇಪರ್ ಮಡಚಿಟ್ಟರು. "ಆಗ್ಲಿ. ಭಾನುವಾರ ಮಾಡೋಣ."

ಆ ವಾರದಲ್ಲೇ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಸೋಮವಾರ ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆಂಟಿ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದರು. ಮೊಮ್ಮಗಳ ಸಂಭ್ರಮದಲ್ಲಿ ಪಂದ್ಯ ಮರೆತಿರಬಹುದು ಎಂದುಕೊಂಡೆ. ಭಾನುವಾರ ತಿಂಡಿ ಮುಗಿಯುತ್ತಲೇ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಅಂಕಲ್‌ನ ಟೆಸ್ಟರ್.

"ಕೈಯಾಗ್ ಮುಟ್ಟೋದು ಬ್ಯಾಡ ಮಗಾ. ಕರೆಂಟಿದ್ರೆ ಇದ್ರಲ್ಲಿ ದೀಪ ಬತ್ತದಂತೆ. ನೀನೇ ಇಡ್ಕೋ."

ಇಬ್ಬರೂ ಚಪ್ಪಲಿ ಹಾಕಿಕೊಂಡೆವು. ಆಂಟಿ ನನ್ನ ಗಂಡನ ಚಪ್ಪಲಿಯೊಳಗೆ ಕಾಲು ತೂರಿಸಿದ್ದರು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದೆ, ಸ್ವಿಚ್ ಹಾಕಲಿಲ್ಲ. ಟೆಸ್ಟರಿನ ತುದಿ ಪೆಟ್ಟಿಗೆಯ ಲೋಹಕ್ಕೆ ಇಟ್ಟೆ. ದೀಪ ಬಂತೋ ಇಲ್ಲವೋ ಎಂದು ಹೇಳಲಾಗದಷ್ಟು ಕೋಣೆಯಲ್ಲಿ ಬಿಸಿಲು. ಪರದೆ ಎಳೆದರೂ ಸಾಲಲಿಲ್ಲ. ಆಂಟಿ ಮಂಚದ ಮೇಲಿದ್ದ ರಗ್ಗು ಎಳೆದು ಇಬ್ಬರ ತಲೆಯ ಮೇಲೂ ಹೊದಿಸಿಬಿಟ್ಟರು. ಒಳಗೆ ಕಗ್ಗತ್ತಲೆ. ನನ್ನ ಗಂಡ ಬಾತ್‌ರೂಮಿನ ಕಿಟಕಿಯ ಬಳಿ ನಿಂತರು. ನಾವು ಹೇಳಿದ್ದನ್ನು ಡಕ್ಟಿನಲ್ಲಿ ಕೂಗುವುದು ಅವರ ಕೆಲಸ.

ಕಾದೆವು. ರಗ್ಗಿನೊಳಗೆ ಸೆಖೆ. ಆಂಟಿಯ ತಲೆಯಿಂದ ಮಲ್ಲಿಗೆಯ ವಾಸನೆ. ನನ್ನ ಬೆರಳು ಟೆಸ್ಟರಿನ ಹಿಂದೆ ಒದ್ದೆಯಾಗುತ್ತಿತ್ತು.

ತಟ್ಟನೆ ಟೆಸ್ಟರಿನ ಹೊಟ್ಟೆಯೊಳಗೆ ಒಂದು ಕೆಂಪು ಚುಕ್ಕಿ ಹತ್ತಿಕೊಂಡಿತು! ಬಾಳೆಹಣ್ಣಿಗೆ ಸಿಕ್ಕಿಸಿದ ಊದುಬತ್ತಿಯ ತುದಿಯ ಹಾಗೆ, ಅಷ್ಟೇ ಅಷ್ಟು.

"ಆನ್!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

"ಆನ್ ಅಂತೆ ಅಂಕಲ್!" ಎಂದು ನನ್ನ ಗಂಡ.

ಚುಕ್ಕಿ ಆರಿತು. "ಆಫ್!" ಮತ್ತೆ ಹತ್ತಿತು. "ಆನ್!" ಆಮೇಲೆ ಅಂಕಲ್ ಆಟ ಆಡಿಸತೊಡಗಿದರು. ಬಹಳ ಹೊತ್ತು ಏನೂ ಮಾಡದೆ ಸುಮ್ಮನಿದ್ದರು. ಇದ್ದಕ್ಕಿದ್ದಂತೆ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು. ನಾವು ಬಿಡದೆ "ಆನ್, ಆಫ್, ಆನ್, ಆಫ್!" ಎಂದು ಒದರುತ್ತಿದ್ದರೆ ನನ್ನ ಗಂಡನಿಗೆ ಕೂಗಿ ಮುಗಿಯುತ್ತಿರಲಿಲ್ಲ. ಒಮ್ಮೆ ಕೆಳಗೆ ಟಕ್ ಎಂದು ಸ್ವಿಚ್ಚಿನ ಶಬ್ದ ಜೋರಾಗಿ ಕೇಳಿಸಿತು. ಆದರೆ ಚುಕ್ಕಿ ಬರಲಿಲ್ಲ. ನಾನು ಆಂಟಿಯ ಮುಖದ ಕಡೆ ನೋಡಿದೆ. ಕತ್ತಲಲ್ಲಿ ಏನೂ ಕಾಣಲಿಲ್ಲ, ಉಸಿರು ಮಾತ್ರ ಕೇಳಿಸಿತು.

"ಏನೂ ಇಲ್ಲ ಅನ್ನು ಮಗಾ. ಇದ್ರೆ ಐತೆ, ಇಲ್ದಿದ್ರೆ ಇಲ್ಲ."

"ಏನೂ ಇಲ್ಲ!" ಎಂದೆ.

"ಏನೂ ಇಲ್ವಂತೆ ಅಂಕಲ್!"

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಅಂಕಲ್ ಏದುಸಿರು ಬಿಡುತ್ತಾ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಾವು ರಗ್ಗು ಸರಿಸಿ ನೋಡಿದೆವು. ನಮ್ಮ ಕೂದಲೆಲ್ಲ ಕೆದರಿಹೋಗಿತ್ತು.

"ಕೊನೇದು ಬಚ್ಚಲಮನೆ ಲೈಟು," ಎಂದರು ಅಂಕಲ್. "ಗೀಸರ್ ಅಲ್ಲ. ನಿಮ್ಮನ್ನ ಏಮಾರ್ಸೋಣ ಅಂತ ಲೈಟ್ ಹಾಕಿದ್ದೆ."

ಅಂಕಲ್ ಬಂದು ನೆಲದ ಮೇಲೆ ಕಷ್ಟಪಟ್ಟು ಕೂತರು. ನನ್ನ ಗಂಡನನ್ನು ಕೆಳಗೆ ಕಳಿಸಿ ಗೀಸರ್ ಸ್ವಿಚ್ ಹಾಕಿ ತೆಗೆಯಲು ಹೇಳಿದರು. ಟೆಸ್ಟರ್ ಇಸಿದುಕೊಂಡು ತಾವೇ ರಗ್ಗು ಹೊದ್ದುಕೊಂಡರು. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಮೂಟೆ. ಎಷ್ಟೋ ಹೊತ್ತು ಆ ಮೂಟೆ ಅಲ್ಲಾಡಲಿಲ್ಲ. ಹೊರಗೆ ಬಂದಾಗ ಅವರ ಕನ್ನಡಕ ಹಬೆಗಟ್ಟಿತ್ತು. ಅದನ್ನು ಒರೆಸಿಕೊಳ್ಳುತ್ತಾ, ಹೆಂಡತಿಯ ಕಡೆ ನೋಡದೆ ಹೇಳಿದರು.

"ಎಷ್ಟು ದಿನದಿಂದ ಹೇಳ್ತಿದ್ದೆ ನೀನು..."

ಆಂಟಿ ಈಗ ಬಾಯಿ ಮಾಡುತ್ತಾರೆ, ಜಾಡಿಸಿಬಿಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಮಂಚದ ತುದಿಯಲ್ಲಿ ಕೂತು ಎರಡೂ ಕೈ ಮುಂದೆ ಚಾಚಿ, ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ನಂಗೇನೂ ಆಗಿಲ್ಲ ಮಗಾ," ಎಂದರು ನನಗೆ. "ನನ್ ನರ ಸರ್ಯಾಗೈತೆ. ನನ್ ಕೈ ಸರ್ಯಾಗೈತೆ."

ಆ ಮಾತು ಕೇಳಿ ಅಂಕಲ್ ಎದ್ದು ವರಾಂಡಕ್ಕೆ ಹೋದರು. ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡುತ್ತಿದ್ದ ಅವರ ದನಿ ಕೇಳಿಸಿತು. "ಭಾನುವಾರ ಆದ್ರೇನಪ್ಪ, ಈಗಲೇ ಬಾ. ನನ್ ಮೊಮ್ಮಗಳು ನಾಳೆ ಮನೆಗೆ ಬರ್ತಾಳೆ."

ಎಲೆಕ್ಟ್ರಿಶಿಯನ್ ಬಂದ. ನಾವು ನಾಲ್ವರೂ ಒಟ್ಟಿಗೇ ಹೇಳತೊಡಗಿದ್ದರಿಂದ ಅವನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಣೆ ಚಚ್ಚಿಕೊಂಡ. "ನಾನು ಮೇಲಿನ ಮನೆ ಒಂದನ್ನೇ ನೋಡಿದ್ದೆ ಸಾರ್. ಎರಡೂ ಸೇರ್ಸಿ ನೋಡಿರ್ಲಿಲ್ಲ." ಮೇನ್ ಇಳಿಸಿ, ಕೆಳಗಿನ ಗೀಸರ್ ಬಿಚ್ಚಿದ. ನೀರು ಕಾಯಿಸುವ ಕಾಯಿಲ್ ಬಿರುಕು ಬಿಟ್ಟು, ಕರೆಂಟು ಗೀಸರಿನ ಮೈಗೆ ಸೋರುತ್ತಿತ್ತು. ಹಾಗೆ ಸೋರಿದ್ದನ್ನು ಭೂಮಿಗೆ ಇಳಿಸಲೆಂದೇ ಅರ್ಥಿಂಗ್ ವೈರ್ ಇರುವುದು. ಪ್ಲಗ್ಗಿನ ಮೂರನೇ ದಪ್ಪ ಪಿನ್ನು ಅದರದ್ದೇ. ಎರಡೂ ಮನೆಯ ಅರ್ಥಿಂಗ್ ವೈರು ಒಂದಾಗಿ ಕಾರು ನಿಲ್ಲಿಸುವ ಜಾಗದ ಕೆಳಗಿನ ಗುಂಡಿಗೆ ಹೋಗಬೇಕಿತ್ತು.

ಅಂಕಲ್ ತಾವೇ ಸುತ್ತಿಗೆ, ಉಳಿ ತಂದರು. ಆಸೆಪಟ್ಟು ಹಾಕಿಸಿದ್ದ ಆ ಟೈಲ್ಸ್ ಒಡೆಯುವಾಗ ಆಂಟಿ ಅದರ ಪಕ್ಕದಲ್ಲೇ ನಿಂತು, "ಒಡೀರಿ, ಇನ್ನೂ ಒಡೀರಿ!" ಎಂದು ಹುರಿದುಂಬಿಸುತ್ತಿದ್ದರು. ಮಣ್ಣು ಬಗೆದಾಗ ಗುಂಡಿ ಇತ್ತು, ಅದರೊಳಗೆ ಕೊಳವೆಯೂ ಇತ್ತು. ಗೋಡೆಯ ಕಡೆಯಿಂದ ಬಂದ ತಂತಿ ಮಾತ್ರ ಒಂದು ಗೇಣು ಆಚೆಗೇ ಕತ್ತರಿಸಿಹೋಗಿತ್ತು. ಟೈಲ್ಸ್ ಹಾಕಲು ನೆಲ ಅಗೆದಾಗ ಆದದ್ದು. ಯಾರೂ ನೋಡಿರಲಿಲ್ಲ. ಹಾಗಾಗಿ ಕೆಳಗಿನ ಗೀಸರಿನಲ್ಲಿ ಸೋರಿದ ಕರೆಂಟಿಗೆ ಭೂಮಿಯ ದಾರಿ ಸಿಗದೆ, ಅದು ಅದೇ ವೈರು ಹಿಡಿದು ಎರಡೂ ಮನೆಯ ನಲ್ಲಿ, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜುಗಳ ಮೈಗೆಲ್ಲ ಹರಡಿಕೊಳ್ಳುತ್ತಿತ್ತು. ಸ್ವಿಚ್ ಆಫ್ ಮಾಡಿದರೂ ಮೂರನೇ ಪಿನ್ನು ಸೇರಿಕೊಂಡೇ ಇರುತ್ತದೆ. ನನ್ನ ಪೆಟ್ಟಿಗೆಯ ದೆವ್ವ ಅಲ್ಲಿತ್ತು!

ಇನ್ನೊಂದು ಮಾತನ್ನು ಎಲೆಕ್ಟ್ರಿಶಿಯನ್ ಬೋರ್ಡ್ ತೆರೆದು ಮೆಲ್ಲಗೆ ಹೇಳಿದ. ಕರೆಂಟು ಹೀಗೆ ಸೋರಿದರೆ ತಟ್ಟನೆ ತಾನೇ ಬಿದ್ದು ಜೀವ ಉಳಿಸುವ ಬ್ರೇಕರ್ ಒಂದಿತ್ತು. ಅದರ ತಂತಿಗಳನ್ನು ಬಿಚ್ಚಿ, ಬ್ರೇಕರ್ ತಪ್ಪಿಸಿ ಬೇರೆ ದಾರಿಯಲ್ಲಿ ಸೇರಿಸಲಾಗಿತ್ತು.

ಅಂಕಲ್ ತಲೆ ತಗ್ಗಿಸಿದರು. "ದಿನಾ ಬೆಳಿಗ್ಗೆ ಬೀಳ್ತಿತ್ತು. ತಲೆನೋವು ಅಂತ ನಾನೇ ತೆಗೆಸಿದ್ದೆ."

ದಿನಾ ಬೆಳಿಗ್ಗೆ, ಗೀಸರ್ ಹಾಕುವ ಹೊತ್ತಿಗೆ. ಆ ಬ್ರೇಕರೂ ಪಾಪ ಆಂಟಿಯ ಹಾಗೆಯೇ ಹೇಳುತ್ತಿತ್ತು...

ಸಂಜೆಯ ಹೊತ್ತಿಗೆ ತಂತಿ ಸೇರಿತು, ಹೊಸ ಕಾಯಿಲ್ ಬಂತು, ಹೊಸ ಬ್ರೇಕರ್ ಕೂತಿತು. ಎಲೆಕ್ಟ್ರಿಶಿಯನ್ ಮೀಟರ್ ಇಟ್ಟು ಎರಡೂ ಮನೆಯನ್ನು ಒಟ್ಟಿಗೇ ಪರೀಕ್ಷಿಸಿದ. ಬ್ರೇಕರಿನ ಮೇಲಿದ್ದ ಸಣ್ಣ ಬಟನ್ ಒತ್ತಿ ತೋರಿಸಿದ. ಟಕ್ ಎಂದು ಇಡೀ ಮನೆ ಕತ್ತಲಾಯಿತು. ತಿಂಗಳಿಗೊಂದು ಸಲ ಹೀಗೆ ಒತ್ತಿ ನೋಡಿ, ಬೀಳದಿದ್ದರೆ ನನ್ನನ್ನು ಕರೀರಿ ಎಂದ. ಆಂಟಿಗೆ ಆ ಬಟನ್ ಎಷ್ಟು ಇಷ್ಟವಾಯಿತೆಂದರೆ ಆವತ್ತೇ ಮೂರು ನಾಲ್ಕು ಸಲ ಒತ್ತಿ ಅಂಕಲ್‌ಗೆ ಸುದ್ದಿ ನೋಡಲು ಬಿಡಲಿಲ್ಲ.

ಮರುದಿನ ಬೆಳಿಗ್ಗೆ, ಕೂಸು ಬರುವ ಮುಂಚೆ, ಮೊದಲ ನೀರು ನಾನೇ ಹಾಕಿಕೊಳ್ಳುತ್ತೇನೆ ಎಂದು ಆಂಟಿ ಹಟ ಹಿಡಿದರು. ಬಚ್ಚಲ ಬಾಗಿಲು ಹಾಕಿಕೊಂಡರು. ಅಂಕಲ್ ಬಾಗಿಲ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ಮೇಲೆ ಡಕ್ಟಿನ ಕಿಟಕಿಗೆ ಕಿವಿಯಾನಿಸಿ ನಿಂತಿದ್ದೆ. ನೀರು ಸುರಿಯುವ ಸದ್ದು. ಚೊಂಬಿನ ಸದ್ದು. ನಲ್ಲಿ ತಿರುಗಿಸಿದ ಕಿರಕ್ ಸದ್ದು. ಆಮೇಲೆ ಆ ದೊಡ್ಡ ದನಿ.

"ಮಗಾ! ಕೇಳ್ತಾ ಇದೀಯಾ? ಬರಿಗಾಲಲ್ಲಿ ನಿಂತಿವ್ನಿ! ಬರಿಗೈಲಿ ಇಡ್ಕಂಡಿವ್ನಿ! ನೀರು ಬರೀ ನೀರಾಗೈತೆ ಕಣ್ ಮಗಾ!"

ಆ ಮಧ್ಯಾಹ್ನ ಕೂಸು ಬಂತು. ಮುಖ ಮಾತ್ರ ಕಾಣುವ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಆಂಟಿ ಆರತಿ ಎತ್ತಿ, ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಅಗೆದ ಗುಂಡಿಯ ಪಕ್ಕದಲ್ಲೇ ದಾಟಿ ಹೋದರು. ಆ ಗುಂಡಿಯನ್ನು ಮತ್ತೆ ಟೈಲ್ಸಿನಿಂದ ಮುಚ್ಚಲು ಆಂಟಿ ಒಪ್ಪಲೇ ಇಲ್ಲ. ಮೇಲೊಂದು ಕಲ್ಲಿನ ಮುಚ್ಚಳ ಹಾಕಿಸಿ, ಬೇಸಿಗೆಯಲ್ಲಿ ತೆರೆದು ತಾವೇ ಒಂದು ಬಿಂದಿಗೆ ನೀರು ಹೊಯ್ಯುತ್ತಿದ್ದರು. ಮಣ್ಣು ಒಣಗಬಾರದು ಎಂದು ಎಲೆಕ್ಟ್ರಿಶಿಯನ್ ಹೇಳಿದ್ದನಂತೆ.

ಸುದ್ದಿ ಇಡೀ ರಸ್ತೆಗೆ ಹಬ್ಬಿತು, ಆಂಟಿಯ ಬಾಯಿಂದಲೇ. ಆಮೇಲೆ ನಡೆದದ್ದನ್ನು ನಾವ್ಯಾರೂ ನಿರೀಕ್ಷಿಸಿರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಗೇಟಿನ ಬಳಿ ಬರತೊಡಗಿದರು. "ನಮ್ಮನೆ ವಾಷಿಂಗ್ ಮೆಷೀನು ಒಂಥರಾ ಚುರ್ ಅನ್ನುತ್ತೆ ಆಂಟಿ." "ನಮ್ಮನೆ ನೀರು ಕಾಯ್ಸೋ ರಾಡ್ ಹಾಕಿದಾಗ ಬಕೆಟ್ ಮುಟ್ಟಿದ್ರೆ..." ಎಲ್ಲರೂ ದನಿ ತಗ್ಗಿಸಿಯೇ ಹೇಳುತ್ತಿದ್ದರು, ನಾಚಿಕೆಯ ವಿಷಯವೆಂಬಂತೆ. ಆಂಟಿ ಮಾತ್ರ ಜೋರಾಗಿಯೇ ಕೇಳುತ್ತಿದ್ದರು, "ನಿಮ್ಗೂ ಆಯ್ತದಾ?" ರಾಡಿನವಳಿಗೆ ಮೊದಲು ಬೈದರು. ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳೋ ತನಕ ನೀರಿಗೆ ಬೆರಳು ಅದ್ದಬೇಡ, ಸ್ಟೀಲ್ ಬಕೆಟ್ಟಂತೂ ಬೇಡವೇ ಬೇಡ ಎಂದು ಆಣೆ ಹಾಕಿಸಿಕೊಂಡು, ಎಲೆಕ್ಟ್ರಿಶಿಯನ್‌ನನ್ನು ಕಳಿಸಿಕೊಟ್ಟರು. ಯಾರನ್ನೂ "ನಿನ್ನ ಭ್ರಮೆ" ಎಂದು ವಾಪಸ್ ಕಳಿಸಲಿಲ್ಲ. ಕೆಲವು ಮನೆಗಳಿಗೆ ತಾವೂ ಹೋಗುತ್ತಿದ್ದರು. ಆಗ ಹಿಂದೆ ಅಂಕಲ್ ಟಾರ್ಚ್ ಹಿಡಿದು ನಡೆಯುತ್ತಿದ್ದರು. ಮೀಟರ್ ಬೋರ್ಡಿಗೆ ಬೆಳಕು ಬಿಡಲು.

ಕೂಸಿಗೆ ಮಾತು ಬರುವ ಹೊತ್ತಿಗೆ ನಾವು ಯಲಹಂಕಕ್ಕೆ ಬಂದೆವು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೊಮ್ಮೆ ಫೋನು... ಕೂಸು ಇನ್ನೂ ಶಾಲೆಗೆ ಸೇರುವ ಮೊದಲೇ, ಒಂದು ಬೇಸಿಗೆಯಲ್ಲಿ ಜ್ವರ ಎಂದು ಆಸ್ಪತ್ರೆ ಸೇರಿದ ಆಂಟಿ ಮನೆಗೆ ಮರಳಲಿಲ್ಲ. ನನಗೆ ತಿಳಿದಾಗ ಎಲ್ಲ ಕಾರ್ಯಗಳೂ ಮುಗಿದಿದ್ದವು. ಹೋಗಿ ಅಂಕಲ್ ಎದುರು ಸ್ವಲ್ಪ ಹೊತ್ತು ಕೂತು ಬಂದಿದ್ದೆ, ಅಷ್ಟೇ. ಮತ್ತೆ ಆ ಕಡೆ ಹೋಗಲು ಮನಸ್ಸಾಗಿರಲಿಲ್ಲ.

ಮೊನ್ನೆ ಇಸ್ತ್ರಿ ಅರ್ಧಕ್ಕೇ ಬಿಟ್ಟು, ಬಸ್ಸು ಹತ್ತಿ ಶೆಟ್ಟಿಹಳ್ಳಿಗೆ ಹೋದೆ. ಆಂಟಿಯ ಮಗಳು ಈಗ ನಾವಿದ್ದ ಮೇಲಿನ ಮನೆಯಲ್ಲಿದ್ದಾಳೆ. ಅಂಕಲ್‌ಗೆ ಕಿವಿ ಮಂದವಾಗಿದೆ. ಆ ಕೂಸು ಈಗ ಉದ್ದ ಜಡೆಯ ಹುಡುಗಿ, ನನ್ನ ಭುಜದವರೆಗೆ ಬೆಳೆದಿದ್ದಾಳೆ. ಪಕ್ಕದಲ್ಲಿ ಕೂತು, ಅಜ್ಜಿ ಹೇಗಿದ್ದರು ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ರಗ್ಗು, ಟೆಸ್ಟರು, ಆನ್, ಆಫ್, ಒಡೆದ ಟೈಲ್ಸು. ಹೇಳುತ್ತಾ ಹೇಳುತ್ತಾ ನಾನೇ ಎದ್ದು ನಿಂತಿದ್ದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು.

"ಅಜ್ಜಿ ವಾಯ್ಸ್ ಹೆಂಗಿತ್ತು ಆಂಟಿ? ನಂಗೆ ನೆನಪೇ ಇಲ್ಲ. ಅಮ್ಮನ ಮದುವೆ ವಿಡಿಯೋದಲ್ಲಿ ಅಜ್ಜಿ ಮಾತಾಡ್ತಾನೇ ಇರ್ತಾರೆ, ಆದ್ರೆ ಮಾತಿನ ಮೇಲೆ ಪೂರ್ತಿ ಓಲಗ ಹಾಕಿಬಿಟ್ಟಿದ್ದಾರೆ."

ನಾನು ಬಾಯಿ ತೆರೆದೆ. "ನೀರು ಬರೀ ನೀರಾಗೈತೆ ಕಣ್ ಮಗಾ" ಎಂದು ಅವರ ಹಾಗೇ ಹೇಳಲು ನೋಡಿದೆ. ಬಂದದ್ದು ನನ್ನ ದನಿ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದೆ. ಹುಡುಗಿ ಕಾಯುತ್ತಿದ್ದಳು. ಕಿವಿ ಕೇಳಿಸದ ಅಂಕಲ್ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಹೀಗಲ್ಲ ಪುಟ್ಟಿ," ಎಂದೆ. "ಇನ್ನೂ ದೊಡ್ಡದಾಗಿತ್ತು."